ಕಂಟ್ರೋಲ್ ರೂಮಿನ ಆ ಒಂದು ಕುರ್ಚಿ: ಪೊಲೀಸ್ ಮೇಲಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯರೇ,

ತುರ್ತು ಕರೆಗಳ ಕಂಟ್ರೋಲ್ ರೂಮುಗಳ ಹೊಣೆ ಹೊತ್ತಿರುವ, ಅವುಗಳಿಗೆ ಹಣ ಮಂಜೂರು ಮಾಡುವ, ಪಾಳಿಯ ಪಟ್ಟಿಗೆ ಸಹಿ ಹಾಕುವ ಎಲ್ಲ ಮೇಲಧಿಕಾರಿಗಳಿಗೆ ಈ ಪತ್ರ. ಟಪಾಲಿನಲ್ಲಿ ಕಳಿಸಿದರೆ ಇದು ಯಾವ ಫೈಲಿನೊಳಗೆ ಹೋಗಿ ಮಲಗುತ್ತದೆ ಎಂದು ನನಗೂ ಗೊತ್ತು, ತಮಗೂ ಗೊತ್ತು. ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ. ತುರ್ತು ಸಂಖ್ಯೆಗೆ ಫೋನ್ ಮಾಡುವ ಜನರೂ ಓದಲಿ. ಆ ಕಡೆ ಯಾರು ಕೂತಿರುತ್ತಾರೆ, ಏನು ಮಾಡುತ್ತಿರುತ್ತಾರೆ ಎನ್ನುವುದು ಅವರಿಗೂ ತಿಳಿಯಬೇಕಾದದ್ದೇ.

ನನ್ನ ಬೇಡಿಕೆ ಒಂದೇ. ಹಗಲಾಗಲಿ ನಡುರಾತ್ರಿಯಾಗಲಿ, ಪ್ರತಿ ಪಾಳಿಯಲ್ಲೂ ಹಿರಿಯ ಡಿಸ್ಪ್ಯಾಚರ್ (ಕರೆ ಕೇಳಿ ಗಸ್ತು ವಾಹನ ಕಳಿಸುವ ಸಿಬ್ಬಂದಿ) ಒಬ್ಬರು ಕೊಠಡಿಯೊಳಗೇ ಇರಬೇಕು. ಅವರಿಗೆ ಸ್ವಂತ ಫೋನ್ ಲೈನ್ ಬೇಡ, ಸ್ವಂತ ವೈರ್‌ಲೆಸ್ ಚಾನೆಲ್ಲೂ ಬೇಡ. ಯಾವ ಕರೆಗಾದರೂ ಕಿವಿ ಕೊಡುವ, ಬೇಕೆನಿಸಿದರೆ ನಡುವೆ ಬಾಯಿ ಹಾಕುವ, ಕೆಳಗಿಟ್ಟ ಕರೆಯನ್ನು ಮತ್ತೆ ತೆರೆಸುವ ಅಧಿಕಾರ ಮಾತ್ರ ಇರಲಿ.

ಪಾಳಿಯ ಪಟ್ಟಿಯಲ್ಲಿ ನೋಡಿದರೆ ಇದು ದಂಡದ ಹುದ್ದೆಯಂತೆ ಕಾಣುತ್ತದೆ, ಒಪ್ಪುತ್ತೇನೆ. ಕರೆ ತೆಗೆದುಕೊಳ್ಳುವವರ ಹೆಸರಿನ ಮುಂದೆ ಇಷ್ಟು ಕರೆ ಎಂದು ಲೆಕ್ಕ ಬರುತ್ತದೆ. ಗಸ್ತು ವಾಹನ ಕಳಿಸುವವರ ಹೆಸರಿನ ಮುಂದೆ ಇಷ್ಟು ಘಟನೆ ಎಂದು ಬರುತ್ತದೆ. ಹಿರಿಯರ ಹೆಸರಿನ ಮುಂದೆ ಸೊನ್ನೆ. ಹಾಗಾಗಿ ಯಾರಾದರೂ ರಜೆ ಹಾಕಿದರೆ ಮೊದಲು ಫೋನಿಗೆ ಕೂರಿಸುವುದು ಹಿರಿಯರನ್ನು. ಅಂಕಿಅಂಶ ಟೈಪ್ ಮಾಡಲು, ಸಭೆಗೆ ಕಳಿಸಲು, ಬಂದ ಗಣ್ಯರಿಗೆ ದೊಡ್ಡ ಪರದೆ ತೋರಿಸಿ ವಿವರಿಸಲು ಸುಲಭವಾಗಿ ಕೈಗೆ ಸಿಗುವವರೂ ಅವರೇ. ಗಣ್ಯರಿಗೆ ಆ ಪರದೆಯ ಮೇಲೆ ಭಾರಿ ಪ್ರೀತಿ. ಅದನ್ನು ಕೆಲಸದ ಹೊತ್ತಿನಲ್ಲಿ ನಮ್ಮಲ್ಲಿ ಯಾರೂ ತಲೆಯೆತ್ತಿ ನೋಡುವುದಿಲ್ಲ ಎಂದು ಅವರಿಗೆ ಯಾರೂ ಹೇಳಿದಂತಿಲ್ಲ.

ಹಿರಿಯರ ಕೆಲಸದ ಮುಕ್ಕಾಲು ಪಾಲು ಕಿವಿಯದು. ಕೊಠಡಿಯಲ್ಲಿ ಒಂದೇ ಸಲಕ್ಕೆ ಎಂಟು ಹತ್ತು ಜನ ಮಾತಾಡುತ್ತಿರುತ್ತಾರೆ. ಕರೆ ಮಾಡಿದವರ ದನಿ ಅವರವರ ಹೆಡ್‌ಸೆಟ್ಟಿನೊಳಗೆ ಇರುತ್ತದೆ, ಹೊರಗೆ ಕೇಳುವುದು ನಮ್ಮವರ ಅರ್ಧ ಮಾತು ಮಾತ್ರ. ಆ ಅರ್ಧದಿಂದ ಉಳಿದರ್ಧವನ್ನು ಕಟ್ಟಿಕೊಳ್ಳುವುದು ವರ್ಷಗಳ ಅಭ್ಯಾಸದಿಂದ ಬರುತ್ತದೆ. ಹೊಸಬಳೊಬ್ಬಳು “ಎಲ್ಲಿದ್ದೀರಿ ಹೇಳಿ” ಎಂದು ಮೊದಲ ಸಲ ಕೇಳಿದಾಗ ಯಾರೂ ತಿರುಗಿ ನೋಡುವುದಿಲ್ಲ. ಅದನ್ನೇ ಮೂರನೆಯ ಸಲ, ಒಂದು ಎಳೆ ಏರಿದ ದನಿಯಲ್ಲಿ ಕೇಳಿದಳೆಂದರೆ ಹಿರಿಯರು ಆಗಲೇ ಅವಳ ಕರೆಗೆ ತಮ್ಮ ಹೆಡ್‌ಸೆಟ್ ಸೇರಿಸಿಕೊಂಡಿರುತ್ತಾರೆ. ಕೀಬೋರ್ಡಿನ ಸದ್ದು ನಿಂತರೂ ಅದೊಂದು ಸುದ್ದಿ. ಸಾಮಾನ್ಯವಾಗಿ ನಮ್ಮವರು ಕೇಳುತ್ತಲೇ ಟೈಪ್ ಮಾಡುತ್ತಾರೆ. ಬೆರಳು ನಿಂತಿದೆಯೆಂದರೆ ಆ ಕಡೆಯಿಂದ ಏನೋ ಬಂದಿದೆ, ಅದನ್ನು ಏನೆಂದು ಬರೆಯಬೇಕೆಂದು ಇವಳಿಗೆ ತೋಚುತ್ತಿಲ್ಲ ಎಂದರ್ಥ.

ಒಂದು ಬಗೆಯ ಕರೆಯನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. “ಸಾರಿ, ಮಗು ಆಡ್ತಾ ಆಡ್ತಾ ಒತ್ತಿಬಿಟ್ಟಿದೆ, ಏನೂ ಇಲ್ಲ” ಎನ್ನುತ್ತದೆ ಆ ಕಡೆಯ ದನಿ. ದಿನಕ್ಕೆ ಎಷ್ಟೋ ಬರುತ್ತವೆ. ನಿಜವಾಗಿ ತಪ್ಪಿ ಒತ್ತಿದವರಿಗೆ ನಾಚಿಕೆ. ಗಡಿಬಿಡಿಯಲ್ಲಿ ಎರಡು ಸಲ ಸಾರಿ ಕೇಳಿ ಅವರೇ ಫೋನ್ ಇಟ್ಟುಬಿಡುತ್ತಾರೆ. ಆದರೆ ಕೆಲವರು “ಏನೂ ಇಲ್ಲ” ಎಂದಮೇಲೂ ಲೈನಿನಲ್ಲೇ ಇರುತ್ತಾರೆ, ಇಡುವುದಿಲ್ಲ. ಹೊಸಬರು ಆಗ “ಪರವಾಗಿಲ್ಲ ಮೇಡಂ” ಎಂದು ಮುಗಿಸಹೊರಡುತ್ತಾರೆ. ಹಿರಿಯರು ಪಕ್ಕದಿಂದ ಪಿಸುಗುಡುತ್ತಾರೆ: ಇಡಬೇಡ, ಹೌದು-ಇಲ್ಲ ಎಂದು ಉತ್ತರಿಸುವಂಥದ್ದನ್ನು ಕೇಳು.

“ಪಕ್ಕದಲ್ಲಿ ಯಾರಾದರೂ ಇದ್ದಾರಾ?”

“ಹೌದು.”

“ಅವರಿಂದಲೇ ತೊಂದರೆನಾ?”

“ಹೌದು, ಹೌದು. ಇನ್ಮೇಲೆ ಮಗು ಕೈಗೆ ಫೋನ್ ಕೊಡಲ್ಲ.”

“ಅವರ ಕೈಯಲ್ಲಿ ಚಾಕು ಗೀಕು ಏನಾದರೂ?”

“ಇಲ್ಲ ಇಲ್ಲ.”

“ಮನೆಯಲ್ಲೇ ಇದ್ದೀರಾ?”

“ಹೌದು.”

ಇಷ್ಟಾಗಲು ಅರ್ಧ ನಿಮಿಷ ಸಾಕು. ವಿಳಾಸ ಖಚಿತವಾದರೆ ಗಸ್ತು ವಾಹನ ಹೊರಡುತ್ತದೆ. ಬಾಗಿಲು ತಟ್ಟುವ ಪೊಲೀಸರಿಗೆ ಮೊದಲೇ ಹೇಳಿರಬೇಕು: ಆಕೆ ಫೋನ್ ಮಾಡಿದಳು ಎನ್ನಬೇಡಿ, ಪಕ್ಕದಲ್ಲಿ ಯಾರೋ ಗಲಾಟೆಯ ದೂರು ಕೊಟ್ಟಿದ್ದಾರೆ ಎನ್ನಿ. ಈ ಕೊನೆಯ ಮಾತು ಯಾವ ಸಾಫ್ಟ್‌ವೇರಿನ ಯಾವ ಕಾಲಂನಲ್ಲೂ ಇಲ್ಲ. ಅದು ಹಿರಿಯರ ತಲೆಯಲ್ಲಿದೆ.

ಬಾಯಿ ಬಿಡಲಾಗದವರಿಗಾಗಿ ಬ್ರಿಟನ್ನಿನಲ್ಲಿ ಒಂದು ವ್ಯವಸ್ಥೆಯಿದೆ. ಮೊಬೈಲಿನಿಂದ ಅಲ್ಲಿನ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ ಮಾತಾಡದೆ ಉಳಿದರೆ, ಕೆಮ್ಮಿ ಅಥವಾ ಫೋನನ್ನು ತಟ್ಟಿ ಎಂದು ಆಪರೇಟರ್ ಕೇಳುತ್ತಾರೆ. ಅದೂ ಆಗದಿದ್ದರೆ 55 ಒತ್ತಿ ಎಂಬ ಸೂಚನೆ ಬರುತ್ತದೆ. ಒತ್ತಿದರೆ ಕರೆ ಪೊಲೀಸರಿಗೆ ಹೋಗುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ 55 ಒತ್ತಿದ ಮಾತ್ರಕ್ಕೆ ಆ ವ್ಯಕ್ತಿ ಇರುವ ಜಾಗ ಪೊಲೀಸರಿಗೆ ತಿಳಿಯುವುದಿಲ್ಲ. ಕೊನೆಗೂ ಯಾರೋ ಒಬ್ಬರು ಕೂತು ಆ ಮೌನವನ್ನು ಕೇಳಿಸಿಕೊಳ್ಳಲೇಬೇಕು. ಹಿನ್ನೆಲೆಯಲ್ಲಿ ಟಿವಿ ಇದೆಯೇ, ಬೀದಿಯ ಸದ್ದಿದೆಯೇ, ಉಸಿರು ಒಬ್ಬರದೇ ಇಬ್ಬರದೇ ಎಂದು.

ಜಾಗದ ವಿಷಯಕ್ಕೆ ಬರೋಣ. ಜನರಿಗೆ ನಮ್ಮ ಮೇಲೆ ಅತಿ ಸಿಟ್ಟು ಬರುವುದು ಇಲ್ಲಿಯೇ. “ಇಲ್ಲಿ ಹೊಡೆದಾಡ್ತಾ ಇದ್ದಾರೆ, ನೀವು ಅಡ್ರೆಸ್ ಕೇಳ್ತಾ ಕೂತಿದ್ದೀರಲ್ಲಾ!” ಎಂದು ಬೈಯುತ್ತಾರೆ. ಬೈಯಲಿ, ಅದು ಸಹಜ. ಆದರೆ ಬೈಯುವವರಿಗೆ ತಿಳಿಯದ್ದು ಇದು: ಪ್ರಶ್ನೆ ಕೇಳುತ್ತಿರುವವರು ಒಬ್ಬರು, ವಾಹನ ಕಳಿಸುವವರು ಇನ್ನೊಬ್ಬರು. ಜಾಗ ಮತ್ತು ಏನಾಗಿದೆ ಎಂಬೆರಡು ಟೈಪ್ ಆದ ಕೂಡಲೇ ಪಕ್ಕದ ಪರದೆಯಲ್ಲಿ ಅದು ಕಾಣಿಸಿಕೊಂಡಿರುತ್ತದೆ, ವಾಹನ ಹೊರಟೂ ಇರಬಹುದು. ಉಳಿದ ಪ್ರಶ್ನೆಗಳೆಲ್ಲ ದಾರಿಯಲ್ಲಿರುವ ಪೊಲೀಸರಿಗಾಗಿ. ಫೋನ್ ಕಟ್ಟಾದರೂ ಜಾಗವೊಂದು ಗೊತ್ತಿದ್ದರೆ ಯಾರಾದರೂ ಅಲ್ಲಿಗೆ ಮುಟ್ಟುತ್ತಾರೆ. ಉಳಿದೆಲ್ಲ ಗೊತ್ತಿದ್ದು ಜಾಗವೊಂದು ಗೊತ್ತಿಲ್ಲದಿದ್ದರೆ ಯಾರೂ ಎಲ್ಲಿಗೂ ಮುಟ್ಟುವುದಿಲ್ಲ.

ಮೊಬೈಲ್ ಬಂದಮೇಲೆ ಈ ಕಷ್ಟ ಹೆಚ್ಚಿತು. ತಂತಿಯ ಫೋನು ಗೋಡೆಗೆ ಅಂಟಿಕೊಂಡಿತ್ತು, ನಂಬರಿನ ಹಿಂದೆ ವಿಳಾಸ ಇರುತ್ತಿತ್ತು. ಮೊಬೈಲ್ ಟವರಿನ ಲೆಕ್ಕ ಕೆಲವೊಮ್ಮೆ ಕಿಲೋಮೀಟರುಗಟ್ಟಲೆ ಹರಡಿಕೊಂಡಿರುತ್ತದೆ. ತುರ್ತು ಸಂಖ್ಯೆ ಒತ್ತಿದ ಕೂಡಲೇ ಫೋನೇ ತನ್ನ ಜಿಪಿಎಸ್, ವೈಫೈ ಬಳಸಿ ಜಾಗ ಕಳಿಸುವ ಅಡ್ವಾನ್ಸ್ಡ್ ಮೊಬೈಲ್ ಲೊಕೇಶನ್ ಎಂಬ ಏರ್ಪಾಡು 2014ರಲ್ಲಿ ಬ್ರಿಟನ್ನಿನಲ್ಲಿ ಶುರುವಾಯಿತು. 2016ರಲ್ಲಿ ಆಂಡ್ರಾಯ್ಡ್, 2018ರಲ್ಲಿ ಆಪಲ್ ಅದನ್ನು ತಮ್ಮ ಫೋನುಗಳಿಗೆ ತಂದವು. ಎಲ್ಲ ದೇಶಗಳಲ್ಲೂ, ಎಲ್ಲ ಜಾಲಗಳಲ್ಲೂ ಅದು ಇನ್ನೂ ಇಲ್ಲ. ಇದ್ದ ಕಡೆಯೂ ನಕ್ಷೆಯ ಮೇಲೆ ಒಂದು ಚುಕ್ಕಿ ಸಿಗುತ್ತದೆ, ಎಷ್ಟನೇ ಮಹಡಿ ಎಂದು ಸಿಗುವುದು ಅಪರೂಪ. ಎತ್ತರದ ಕಟ್ಟಡದ ಕೆಳಗೆ ನಿಂತ ಪೇದೆಗೆ ಬರೀ ಚುಕ್ಕಿಯಿಂದ ಏನು ಮಾಡಬೇಕು?

ಇಲ್ಲೊಂದು ಹಳೆಯ ಸಂಗತಿ ನೆನಪಿಸುವುದು ಅಗತ್ಯ. 1935ರ ನವೆಂಬರಿನಲ್ಲಿ ಲಂಡನ್ನಿನ ವಿಂಪೋಲ್ ಸ್ಟ್ರೀಟಿನ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಹೆಂಗಸರು ಸತ್ತರು. ಎದುರು ಮನೆಯವರೊಬ್ಬರು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಲು ಹೋದರೆ, ಎಕ್ಸ್‌ಚೇಂಜಿನಲ್ಲಿ ಅವರ ಕರೆ ಉಳಿದ ಕರೆಗಳ ಸರದಿಯಲ್ಲೇ ನಿಂತಿತು. ಅವರು ಸಿಟ್ಟಿಗೆದ್ದು ಟೈಮ್ಸ್ ಪತ್ರಿಕೆಗೆ ಪತ್ರ ಬರೆದರು. ಸರ್ಕಾರ ವಿಚಾರಣೆ ನಡೆಸಿತು. 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಆರಂಭವಾಯಿತು. ತುರ್ತು ಕರೆ ಬಂದರೆ ಎಕ್ಸ್‌ಚೇಂಜಿನಲ್ಲಿ ಕೆಂಪು ದೀಪ ಹೊತ್ತಿ ಹಾರ್ನು ಕೂಗುತ್ತಿತ್ತು. ಅಮೆರಿಕದಲ್ಲಿ 911ರ ಮೊದಲ ಕರೆ ಹೋದದ್ದು 1968ರ ಫೆಬ್ರುವರಿ 16ರಂದು, ಅಲಬಾಮಾದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ. ಯುರೋಪು 1991ರಲ್ಲಿ 112ನ್ನು ಒಪ್ಪಿಕೊಂಡಿತು. ಭಾರತದಲ್ಲೂ 2018ರಿಂದ ರಾಜ್ಯ ರಾಜ್ಯಕ್ಕೂ ಅದೇ 112 ಬಂತು. ಇವೆಲ್ಲ ಬಂದದ್ದು ಸಾಲು ತಪ್ಪಿಸಿ ಕರೆ ಬೇಗ ತಲುಪಲೆಂದು, ಮತ್ತು ಆ ಮಟ್ಟಿಗೆ ಕೆಲಸ ಆಗಿದೆ. ಬೇಗ ತಲುಪಿದ ಕರೆಯನ್ನು ಆಮೇಲೆ ಯಾರು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬುದಕ್ಕೆ ಅಷ್ಟೇ ಗಮನ ಸಿಕ್ಕಿಲ್ಲ ಎನ್ನುವುದು ನನ್ನ ತಕರಾರು.

ತಮ್ಮ ವರದಿಗಳನ್ನೇ ನೋಡಿ. ಕರೆ ಎಷ್ಟು ಸೆಕೆಂಡಿನಲ್ಲಿ ಎತ್ತಿದರು ಎಂಬುದಕ್ಕೆ ಗುರಿ ಇದೆ. ಬ್ರಿಟನ್ನಿನ ಪೊಲೀಸರಿಗೆ ನೂರರಲ್ಲಿ 90 ಕರೆಗಳನ್ನು 10 ಸೆಕೆಂಡಿನೊಳಗೆ ಎತ್ತುವ ಗುರಿ. ಅಮೆರಿಕದಲ್ಲಿ 911 ಸೇವೆಗೆ ಮಾನದಂಡ ರೂಪಿಸುವ ನೆನಾ ಸಂಸ್ಥೆಯ ಲೆಕ್ಕದಲ್ಲಿ ಅದೇ 90 ಕರೆಗಳಿಗೆ 15 ಸೆಕೆಂಡು. ಇದರ ಬಗ್ಗೆ ನನ್ನ ತಕರಾರಿಲ್ಲ, ಫೋನ್ ಬೇಗ ಎತ್ತಲೇಬೇಕು. ಆದರೆ ಎತ್ತಿದ ಮೇಲೆ “ಒಂದು ಕರೆಗೆ ಸರಾಸರಿ ಎಷ್ಟು ಹೊತ್ತು” ಎಂಬ ಇನ್ನೊಂದು ಅಂಕಿ ಬಂದು ಕೂತಿದೆಯಲ್ಲ, ಅದು ಸಾಲದ ಕಂತು, ಸಿಮ್ ಕಾರ್ಡು ವಿಚಾರಿಸುವ ಕಾಲ್ ಸೆಂಟರುಗಳಿಂದ ಬಂದದ್ದು. ನಮ್ಮಲ್ಲಿ ಅದಕ್ಕೆ ಅರ್ಥವಿಲ್ಲ. “ಮಗು ಒತ್ತಿಬಿಟ್ಟಿದೆ” ಕರೆಯನ್ನು ಎಂಟು ಸೆಕೆಂಡಿನಲ್ಲಿ ಮುಗಿಸಿದ ಹುಡುಗಿಯ ಸರಾಸರಿ ಚೆನ್ನಾಗಿ ಬರುತ್ತದೆ. ಅರ್ಧ ನಿಮಿಷ ಕೇಳಿದವಳ ಸರಾಸರಿ ಕೆಡುತ್ತದೆ. ತಿಂಗಳ ಕೊನೆಗೆ ಯಾರಿಗೆ ಶಹಬ್ಬಾಸ್, ಯಾರಿಗೆ ಮೆಮೊ ಎಂಬುದನ್ನು ನಾನು ಬೇರೆ ಹೇಳಬೇಕಿಲ್ಲ. ಆ ಮೆಮೊ ತಡೆಯುವುದೂ ಹಿರಿಯರ ಪಾಲಿಗೇ ಬರುತ್ತದೆ.

ಇನ್ನು ವೈರ್‌ಲೆಸ್. ಜನ ನಮ್ಮನ್ನು ಫೋನ್ ಎತ್ತುವವರು ಎಂದುಕೊಂಡಿದ್ದಾರೆ, ಆದರೆ ಹಿರಿಯರ ರಕ್ತದೊತ್ತಡ ಏರುವುದು ವೈರ್‌ಲೆಸ್ಸಿನಲ್ಲಿ. ಇಲ್ಲಿ ಮಾತಿನ ಕ್ರಮಕ್ಕೂ ಲೆಕ್ಕವಿದೆ. ಮೊದಲು ಜಾಗ, ಆಮೇಲೆ ಏನು, ಆಮೇಲೆ ಆಯುಧ, ಆಮೇಲೆ ಉಳಿದದ್ದು. ಸಿಗ್ನಲ್ ನಡುವೆ ಹರಿದುಹೋದರೂ ವಾಹನ ಸರಿಯಾದ ದಿಕ್ಕಿಗೆ ತಿರುಗಿರುತ್ತದೆ. ಕಳ್ಳ ಈಗಷ್ಟೇ ಓಡಿದ ಎಂದು ಕರೆ ಬಂದರೆ ಅನುಭವವಿಲ್ಲದವರು ಸಿಕ್ಕ ವಾಹನಗಳನ್ನೆಲ್ಲ ಆ ಮನೆಗೇ ಕಳಿಸುತ್ತಾರೆ. ಹಿರಿಯರು “ಎಷ್ಟು ಹೊತ್ತಾಯಿತು, ಯಾವ ಕಡೆ ಓಡಿದ, ನಡೆದೋ ಬೈಕಿನಲ್ಲೋ” ಎಂದು ಕೇಳಿಸಿ, ಒಂದನ್ನು ಮನೆಗೆ ಕಳಿಸಿ ಉಳಿದವನ್ನು ಅವನು ಹೊರಬೀಳಬಹುದಾದ ಅಡ್ಡರಸ್ತೆಗಳಿಗೆ ಕಳಿಸುತ್ತಾರೆ. ಎರಡು ನಿಮಿಷದಲ್ಲಿ ಮನುಷ್ಯ ಓಡುವುದೆಷ್ಟು ದೂರ, ಬೈಕಿನಲ್ಲಾದರೆ ಎಷ್ಟು ಎನ್ನುವ ಲೆಕ್ಕ ಅವರಿಗೆ ಬಾಯಿಪಾಠ.

ಒಬ್ಬಂಟಿ ಪೊಲೀಸ್ ಯಾವುದೋ ವಾಹನ ತಡೆದು ನಿಲ್ಲಿಸಿದರೆಂದರೆ ಹಿರಿಯರ ಕಣ್ಣು ಗಡಿಯಾರದ ಮೇಲಿರುತ್ತದೆ. ಇಷ್ಟು ನಿಮಿಷಕ್ಕೊಮ್ಮೆ “ಸರಿಯಾಗಿದ್ದೀರಾ” ಎಂದು ಕೇಳಲೇಬೇಕು. ಉತ್ತರ ಬಾರದಿದ್ದರೆ ಇನ್ನೊಮ್ಮೆ. ಆಗಲೂ ಬಾರದಿದ್ದರೆ ಯಾರ ಅಪ್ಪಣೆಗೂ ಕಾಯದೆ ಹತ್ತಿರದ ವಾಹನ ಅತ್ತ ತಿರುಗಬೇಕು, ಉಳಿದವರೆಲ್ಲ ಚಾನೆಲ್ ಬಿಟ್ಟು ಸುಮ್ಮನಾಗಬೇಕು. ಹತ್ತರಲ್ಲಿ ಒಂಬತ್ತು ಸಲ ಅವರು ವಾಕಿಟಾಕಿ ವಾಹನದಲ್ಲೇ ಬಿಟ್ಟು ಇಳಿದಿರುತ್ತಾರೆ. ಬೈದುಕೊಳ್ಳುತ್ತೇವೆ, ಮುಂದಿನ ಸಲವೂ ಹಾಗೇ ವಾಹನ ತಿರುಗಿಸುತ್ತೇವೆ.

ಫೋನಿನಿಂದ ವೈರ್‌ಲೆಸ್ಸಿಗೆ ಮಾತು ದಾಟುವ ಜಾಗವೇ ಇಡೀ ವ್ಯವಸ್ಥೆಯ ಅತಿ ಸಡಿಲ ಗಂಟು. 2014ರ ನವೆಂಬರ್ 22ರಂದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಒಂದು ಕರೆ ಬಂತು. ಪಾರ್ಕಿನಲ್ಲಿ ಯಾರೋ ಪಿಸ್ತೂಲು ಹಿಡಿದು ಜನರತ್ತ ತೋರಿಸುತ್ತಿದ್ದಾನೆ ಎಂದು. ಪಿಸ್ತೂಲು ಬಹುಶಃ ನಕಲಿ ಇರಬೇಕು, ಅವನು ಬಹುಶಃ ಹುಡುಗ ಇರಬೇಕು ಎಂದೂ ಕರೆ ಮಾಡಿದಾತ ಹೇಳಿದ್ದ. ಆ ಎರಡು “ಬಹುಶಃ”ಗಳು ಗಸ್ತಿನಲ್ಲಿದ್ದ ಪೊಲೀಸರಿಗೆ ತಲುಪಲಿಲ್ಲ. ಅವರಿಗೆ ತಲುಪಿದ್ದು ಪಿಸ್ತೂಲು ಮಾತ್ರ. ವಾಹನ ಬಂದು ನಿಂತ ಎರಡು ಸೆಕೆಂಡಿನೊಳಗೆ 12 ವರ್ಷದ ಟಮೀರ್ ರೈಸ್‌ಗೆ ಗುಂಡು ಬಿತ್ತು. ಮರುದಿನ ಹುಡುಗ ತೀರಿಕೊಂಡ. ಅವನ ಕೈಯಲ್ಲಿದ್ದದ್ದು ಆಟದ ಪಿಸ್ತೂಲು. ಕರೆ ಸ್ವೀಕರಿಸಿದ ನೌಕರರನ್ನು 2017ರಲ್ಲಿ 8 ದಿನ ಅಮಾನತಿನಲ್ಲಿಟ್ಟರು. ಗುಂಡು ಹಾರಿಸಿದವರ ಹೊಣೆ ಬೇರೆ, ಅದನ್ನು ಈ ಕೊಠಡಿಯ ತಲೆಗೆ ಕಟ್ಟಲು ನಾನು ಸಿದ್ಧನಿಲ್ಲ. ಆದರೆ ಪಿಸ್ತೂಲು ಎಂದು ಪರದೆಯ ಮೇಲೆ ಬಂದ ಕ್ಷಣ ಇನ್ನೊಂದು ಕಿವಿ ಆ ಕರೆಗೆ ಸೇರಿದ್ದರೆ? ಆಯುಧದ ಕರೆಯಲ್ಲಿ ಹಿರಿಯರು ಮಾಡುವ ಮೊದಲ ಕೆಲಸವೇ ಅದು: ಬರೆದದ್ದನ್ನು ನಂಬದೆ ರೆಕಾರ್ಡಿಂಗ್‌ನ ಮೊದಲ ಇಪ್ಪತ್ತು ಸೆಕೆಂಡನ್ನು ತಾವೇ ಕೇಳುವುದು.

ಇದರ ತಿರುಗುಮುರುಗು ಕಷ್ಟವೂ ಇದೆ. 2017ರ ಡಿಸೆಂಬರಿನಲ್ಲಿ ಕಾನ್ಸಸ್‌ನ ವಿಚಿಟಾದಲ್ಲಿ, ವಿಡಿಯೊ ಗೇಮಿನ ಜಗಳಕ್ಕೆ ಸೇಡು ತೀರಿಸಿಕೊಳ್ಳಲು ಒಬ್ಬ ಸುಳ್ಳು ಕರೆ ಮಾಡಿದ. ಕೊಲೆಯಾಗಿದೆ, ಮನೆಯವರನ್ನು ಒತ್ತೆ ಇಟ್ಟುಕೊಂಡಿದ್ದೇನೆ ಎಂದ. ಕೊಟ್ಟ ವಿಳಾಸದಲ್ಲಿದ್ದವರಿಗೆ ಆ ಜಗಳದ ಗಂಧವೂ ಇರಲಿಲ್ಲ. ಬಾಗಿಲಿಗೆ ಬಂದ ಮನೆಯವ ಪೊಲೀಸ್ ಗುಂಡಿಗೆ ಸತ್ತ. ಸುಳ್ಳು ಹೇಳಿದವನಿಗೆ 2019ರಲ್ಲಿ 20 ವರ್ಷ ಜೈಲಾಯಿತು. ಆ ಕರೆ ನೇರವಾಗಿ ತುರ್ತು ಸಂಖ್ಯೆಗೆ ಬಂದದ್ದಲ್ಲ, ನಗರಾಡಳಿತದ ಮಾಮೂಲಿ ನಂಬರಿಗೆ ಬಂದು ಅಲ್ಲಿಂದ ದಾಟಿದ್ದು. ಇಂಥ ಕರೆಯಲ್ಲಿ ಕತೆಗಿಂತ ದಾರಿ ಹೆಚ್ಚು ಹೇಳುತ್ತದೆ. ಮನೆಯೊಳಗೆ ನಿಂತು ಕೊಲೆ ಮಾಡಿದೆ ಎನ್ನುವವನು ಸಾಮಾನ್ಯ ನಂಬರಿಗೆ ಯಾಕೆ ಫೋನ್ ಮಾಡಿದ? ಸುಳ್ಳೆಂದು ಊಹಿಸಿ ಸುಮ್ಮನೆ ಕೂರುವ ಹಾಗಂತೂ ಇಲ್ಲ, ವಾಹನ ಹೋಗಲೇಬೇಕು. ಆದರೆ ಈ ಅನುಮಾನವೂ ವಾಹನದ ಜೊತೆಗೇ ಹೋಗಬೇಕು. ಅದನ್ನು ವೈರ್‌ಲೆಸ್ಸಿನಲ್ಲಿ ಹೇಳುವ ಧೈರ್ಯ ಹೊಸಬರಿಗೆ ಇರುವುದಿಲ್ಲ, ಇರಬೇಕೆಂದು ಬಯಸುವುದೂ ಅನ್ಯಾಯ.

ತಾವು ಹೆಚ್ಚು ಗಮನಿಸದ, ಆದರೆ ಪ್ರತಿ ಪಾಳಿಯನ್ನೂ ತಿನ್ನುವ ಕೆಲಸವೊಂದಿದೆ. ವಾಹನ ಮೂರು, ಕಾಯುತ್ತಿರುವ ಕರೆ ಏಳು. ಯಾವುದು ಮೊದಲು? ದರ್ಜೆ ಹಾಕುವ ಪಟ್ಟಿ ಇದೆ, ಗಣಕಯಂತ್ರ ತಾನಾಗಿ ಬಣ್ಣವನ್ನೂ ಕೊಡುತ್ತದೆ. ನಡೆಯುತ್ತಿರುವ ಹೊಡೆದಾಟ ಕೆಂಪು, ಬೆಳಿಗ್ಗೆ ಎದ್ದಾಗ ಕಂಡ ಕಳವು ಹಸಿರು, ಪಕ್ಕದ ಮನೆಯ ಗಲಾಟೆ ಅದಕ್ಕಿಂತ ಕೆಳಗೆ. ಪಟ್ಟಿ ತಪ್ಪಲ್ಲ. ಆದರೆ ಕರೆ ಪಟ್ಟಿಗೆ ಸೇರಿದ ಹೊತ್ತಿನಲ್ಲಿ ಹೇಗಿತ್ತೋ ಹಾಗೇ ಉಳಿಯುವುದಿಲ್ಲ.

ಗಲಾಟೆಯ ದೂರನ್ನೇ ತೆಗೆದುಕೊಳ್ಳಿ. ಮೊದಲ ಕರೆಯವರು ಗಂಡ ಹೆಂಡತಿ ಕೂಗಾಡುತ್ತಿದ್ದಾರೆ, ನಿದ್ದೆ ಇಲ್ಲ ಎಂದರು. ಹತ್ತು ನಿಮಿಷ ಬಿಟ್ಟು ಅದೇ ಕಟ್ಟಡದ ಬೇರೊಬ್ಬರು, ಇನ್ನೂ ನಡೆದಿದೆ ಎಂದರು. ಆಮೇಲೆ ಮೂರನೆಯವರು: “ಗಾಜು ಒಡೆದ ಸದ್ದು ಬಂತು, ಈಗ ಸದ್ದಿಲ್ಲ. ಬರದಿದ್ದರೂ ನಡೆಯುತ್ತೆ.” ಮೂರೂ ಕರೆಗಳನ್ನು ತೆಗೆದುಕೊಂಡವರು ಮೂವರು. ಪ್ರತಿಯೊಬ್ಬರ ಮಟ್ಟಿಗೂ ಅದೊಂದು ಸಣ್ಣ ದೂರು. ಯಂತ್ರದ ಪ್ರಕಾರ ಗಲಾಟೆ ನಿಂತಿದೆ, ಆದ್ದರಿಂದ ದರ್ಜೆ ಇಳಿಯಬೇಕು. ಹಿರಿಯರು ಮೂರನ್ನೂ ಒಟ್ಟಿಗೆ ಓದಿ ಅದೇ ಕ್ಷಣ ಅದನ್ನು ಕೆಂಪಿಗೆ ಏರಿಸುತ್ತಾರೆ. ಕೂಗಾಟ ನಡೆಯುತ್ತಿದ್ದಷ್ಟು ಹೊತ್ತು ಇಬ್ಬರೂ ಜೀವಂತ ಇದ್ದಾರೆಂದು ಗೊತ್ತಿತ್ತು. ಈಗ ಗೊತ್ತಿಲ್ಲ.

ಕಾಯುತ್ತಿರುವ ಉಳಿದವರಿಗೆ ತಿರುಗಿ ಫೋನ್ ಮಾಡಿಸುವುದೂ ಹಿರಿಯರ ಕೆಲಸ. ವಾಹನ ತಡವಾಗುತ್ತದೆ ಎಂದು ಹೇಳುವುದಕ್ಕಾದರೂ ಸರಿ. ಆ ಮಾತಿನ ನೆಪದಲ್ಲಿ ಪರಿಸ್ಥಿತಿ ಬದಲಾಗಿದೆಯೇ ಎಂದು ತಿಳಿಯುತ್ತದೆ. ಕಾಣೆಯಾದ ಅಜ್ಜ ಮನೆಗೆ ಬಂದಿರಬಹುದು, ಆಗ ಒಂದು ವಾಹನ ಉಳಿಯಿತು. ಅಥವಾ ಅಜ್ಜನಿಗೆ ಹೊತ್ತು ಹೊತ್ತಿಗೆ ಕೊಡಬೇಕಾದ ಔಷಧಿ ಇದೆ ಎಂದು ಈಗ ನೆನಪಾಗಿ ಹೇಳಬಹುದು, ಆಗ ಆ ಕರೆ ಮೇಲೇರುತ್ತದೆ. ಮನೆಯವರಿಗೆ ಮೊದಲ ಕರೆಯಲ್ಲಿ ನೆನಪಾಗದ್ದು ಎರಡನೆಯದರಲ್ಲಿ ನೆನಪಾಗುವುದು ತೀರಾ ಸಾಮಾನ್ಯ. ಈ ಮರುಕರೆಗಳನ್ನು ತಮ್ಮ ಅಂಕಿಗಳಲ್ಲಿ ಹುಡುಕಬೇಡಿ, ಅವುಗಳಿಗೆ ಕಾಲಂ ಇಲ್ಲ.

ಗಾಬರಿಯಲ್ಲಿ ಕಿರುಚುತ್ತಿರುವವರನ್ನು ಮಾತಿಗೆ ತರುವ ಕಲೆಯ ಬಗ್ಗೆ ಒಂದೆರಡು ಸಾಲು. 1970ರ ದಶಕದ ಕೊನೆಯಲ್ಲಿ ಸಾಲ್ಟ್ ಲೇಕ್ ಸಿಟಿಯ ಜೆಫ್ ಕ್ಲಾಸನ್ ಎಂಬ ವೈದ್ಯರು ಆಂಬುಲೆನ್ಸ್ ಕರೆಗಳಿಗಾಗಿ ಪ್ರಶ್ನೆಗಳ ಒಂದು ಕ್ರಮ ರೂಪಿಸಿದರು. ಅವರ ಪದ್ಧತಿಯಿಂದ ಪೊಲೀಸ್ ಕೊಠಡಿಗಳಿಗೂ ಹರಡಿದ ಒಂದು ಉಪಾಯವಿದೆ. ಒಂದೇ ವಾಕ್ಯ, ಅದೇ ಪದಗಳು, ಅದೇ ಏರಿಳಿತ, ಮತ್ತೆ ಮತ್ತೆ. “ನಿಮಗೆ ಸಹಾಯ ಮಾಡಬೇಕಾದರೆ ಮನೆ ನಂಬರ್ ಹೇಳಿ.” ಒಮ್ಮೆ “ಮನೆ ನಂಬರ್ ಎಷ್ಟು”, ಇನ್ನೊಮ್ಮೆ “ಸಮಾಧಾನ ಮಾಡ್ಕೊಳ್ಳಿ”, ಮತ್ತೊಮ್ಮೆ “ಅಡ್ರೆಸ್ ಕೊಡ್ತೀರಾ” ಎಂದು ಬದಲಿಸುತ್ತ ಹೋದರೆ ಆ ಸ್ಥಿತಿಯ ತಲೆಗೆ ಏನೂ ಹತ್ತುವುದಿಲ್ಲ. ಒಂದೇ ಮಾತು ನಾಲ್ಕನೆಯದೋ ಐದನೆಯದೋ ಸಲ ಬಿದ್ದಾಗ ಕಿರುಚಾಟದ ನಡುವೆ ಥಟ್ಟನೆ ನಂಬರು ಬರುತ್ತದೆ. “ಸಮಾಧಾನ ಮಾಡ್ಕೊಳ್ಳಿ” ಎಂದು ಕೇಳಿ ಸಮಾಧಾನವಾದವರನ್ನು ನಾನು ಕಂಡಿಲ್ಲ. ಪುಸ್ತಕದಲ್ಲಿ ಓದಿದರೆ ಇದು ಸುಲಭ. ತನಗೇ ಕೈ ನಡುಗುತ್ತಿರುವಾಗ ದನಿಯ ಏರಿಳಿತ ಕೆಡದಂತೆ ಹೇಳಲು ಪಕ್ಕದಲ್ಲಿ ಕೂತು ಹೇಳಿಕೊಡುವವರು ಬೇಕು.

ನ್ಯಾಯಾಲಯದ ಮಾತೂ ಬರುತ್ತದೆ. 2006ರ ಡೇವಿಸ್ ವಿರುದ್ಧ ವಾಷಿಂಗ್ಟನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ನಡೆಯುತ್ತಿರುವ ಅಪಾಯದ ಬಗ್ಗೆ 911 ಆಪರೇಟರಿಗೆ ಹೇಳಿದ ಮಾತು ಸಾಕ್ಷ್ಯ ನುಡಿದಂತೆ ಅಲ್ಲ, ಅದು ಸಹಾಯದ ಕೂಗು ಎಂದಿತು. ಹೇಳಿದವರು ಸಾಕ್ಷಿಕಟ್ಟೆಗೆ ಬಾರದಿದ್ದರೂ ಆ ರೆಕಾರ್ಡಿಂಗನ್ನು ವಿಚಾರಣೆಯಲ್ಲಿ ಬಳಸಬಹುದಾಯಿತು. ಅಪಾಯ ದಾಟಿದ ಮೇಲೆ ತನಿಖೆಯ ಧಾಟಿಯಲ್ಲಿ ಕೇಳಿದ ಪ್ರಶ್ನೆಗಳಿಗೆ ಈ ರಿಯಾಯಿತಿ ಇಲ್ಲದಿರಬಹುದು ಎಂಬ ಸೂಚನೆಯೂ ಆ ತೀರ್ಪಿನಲ್ಲಿದೆ. “ಈಗ ಅವನು ಎಲ್ಲಿದ್ದಾನೆ” ಎಂಬ ಪ್ರಶ್ನೆಗೂ “ಮೊದಲೂ ಹೀಗೆ ಹೊಡೆದಿದ್ದನಾ” ಎಂಬ ಪ್ರಶ್ನೆಗೂ ಮುಂದೆ ಎಷ್ಟು ಅಂತರ ಆಗಬಹುದು ನೋಡಿ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಆದರೆ ನಮ್ಮ ದನಿ, ನಮ್ಮ ಪ್ರಶ್ನೆ, ನಾವು ಟೈಪ್ ಮಾಡಿದ ಹೊತ್ತು, ಎಲ್ಲವೂ ಎಂದಾದರೊಂದು ದಿನ ಯಾರಾದರೂ ವಕೀಲರ ಕೈಗೆ ಸಿಗುತ್ತವೆ ಎಂಬುದು ಎಲ್ಲೆಡೆ ಒಂದೇ.

ಇಷ್ಟೆಲ್ಲ ಹೇಳಿದ ಮೇಲೆ “ಇನ್ನು ಎಐ ಬರುತ್ತಿದೆಯಲ್ಲ” ಎಂಬ ಉತ್ತರ ತಮ್ಮ ಕಡೆಯಿಂದ ಬರಬಹುದು. ಬರಲಿ, ನನಗೆ ಯಂತ್ರದ ಮೇಲೆ ಹಗೆ ಇಲ್ಲ. ಜಾಗ ತೋರಿಸುವ, ಭಾಷಾಂತರಿಸುವ ಯಂತ್ರ ಕೊಟ್ಟರೆ ಕೈಮುಗಿದು ತೆಗೆದುಕೊಳ್ಳುತ್ತೇನೆ. ಆದರೆ ಕೋಪನ್‌ಹೇಗನ್‌ನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ದಯವಿಟ್ಟು ನೋಡಿ. ಫೋನಿನ ಮಾತು ಕೇಳಿ ಹೃದಯ ನಿಂತಿರಬಹುದೆಂದು ಗುರುತಿಸುವ ಯಂತ್ರವನ್ನು ಆಂಬುಲೆನ್ಸ್ ಡಿಸ್ಪ್ಯಾಚರುಗಳ ಪಕ್ಕ ಇಟ್ಟರು. ಯಂತ್ರ ಚೆನ್ನಾಗಿಯೇ ಗುರುತಿಸಿತು. ಆದರೂ ಅದರ ಎಚ್ಚರಿಕೆ ಸಿಕ್ಕ ಡಿಸ್ಪ್ಯಾಚರುಗಳು ಸಿಗದವರಿಗಿಂತ ಗಮನಾರ್ಹವಾಗಿ ಉತ್ತಮವಾಗಲಿಲ್ಲ. ಪರದೆಯ ಮೇಲೆ ಒಂದು ಎಚ್ಚರಿಕೆ ಹೊತ್ತಿದರೆ ಸಾಲದು. ಕಿವಿಯಲ್ಲಿ ಒಬ್ಬರು ಅಳುತ್ತಿರುವಾಗ ಆ ಎಚ್ಚರಿಕೆಯನ್ನು ನಂಬಬೇಕೇ ಬೇಡವೇ ಎಂದು ಯಾರಾದರೂ ತೀರ್ಮಾನಿಸಬೇಕು. ಯಂತ್ರ ಬಂದರೆ ಹಿರಿಯರ ಕೆಲಸ ಹೆಚ್ಚುತ್ತದೆ ಎಂದೇ ನನ್ನ ಅಂದಾಜು.

ಸರ್ಕಾರಿ ಕಾಗದಗಳಲ್ಲಿ ನಾವು ಯಾರು ಎನ್ನುವುದೂ ಈ ಕುರ್ಚಿಯ ಪ್ರಶ್ನೆಗೆ ಸೇರಿದ್ದೇ. ಅಮೆರಿಕದ ಅಧಿಕೃತ ಉದ್ಯೋಗ ಪಟ್ಟಿಯಲ್ಲಿ 911 ಸಿಬ್ಬಂದಿ ಇರುವುದು ಕಚೇರಿ ಮತ್ತು ಆಡಳಿತ ಸಹಾಯಕರ ಗುಂಪಿನಲ್ಲಿ, ಗುಮಾಸ್ತರ ಜೊತೆ. 2018ರ ಪರಿಷ್ಕರಣೆಯಲ್ಲಿ ಹುದ್ದೆಯ ಹೆಸರು ಬದಲಾಯಿತು, ಗುಂಪು ಬದಲಾಗಲಿಲ್ಲ. ಪೊಲೀಸರು, ಅಗ್ನಿಶಾಮಕ ದಳದವರು ಇರುವ ರಕ್ಷಣಾ ಸೇವೆಗಳ ಗುಂಪಿಗೆ ಸೇರಿಸಬೇಕೆಂದು ಅವರು ವರ್ಷಗಳಿಂದ ಕೇಳುತ್ತಿದ್ದಾರೆ. ಗುಮಾಸ್ತರ ಬಗ್ಗೆ ನನಗೆ ಗೌರವವಿದೆ, ಆದರೆ ಅವರ ಕಿವಿಯಲ್ಲಿ ಯಾರೂ ಸಾಯುವುದಿಲ್ಲ. ಮಾನಸಿಕ ಕಾಯಿಲೆಗಳ ಡಿಎಸ್ಎಂ-5 ಕೈಪಿಡಿ 2013ರಲ್ಲೇ ಒಪ್ಪಿಕೊಂಡಿದೆ: ಭೀಕರ ಘಟನೆಯನ್ನು ಕಣ್ಣಾರೆ ಕಾಣದಿದ್ದರೂ, ಕೆಲಸದ ಭಾಗವಾಗಿ ಅದರ ವಿವರಗಳಿಗೆ ಮತ್ತೆ ಮತ್ತೆ ಒಡ್ಡಿಕೊಂಡವರಿಗೂ ಆಘಾತದ ಕಾಯಿಲೆ ಬರಬಹುದು ಎಂದು.

ನಮ್ಮ ಕೆಲಸದಲ್ಲಿ ಬೇರೊಂದು ತೊಡಕಿದೆ. ಪೊಲೀಸರು ಸ್ಥಳಕ್ಕೆ ಮುಟ್ಟಿದ ಕೂಡಲೇ ಕರೆ ಮುಗಿಯುತ್ತದೆ. ಮಗು ಬದುಕಿತೋ ಇಲ್ಲವೋ ತಿಳಿಯುವುದಿಲ್ಲ. ಮರುಕ್ಷಣ ಇನ್ನೊಂದು ಕರೆ, ಯಾರದೋ ಗೇಟಿನ ಮುಂದೆ ಕಾರು ನಿಲ್ಲಿಸಿದ್ದಾರೆ ಎಂಬ ದೂರು. ಆ ದೂರಿನವರ ಮೇಲೆ ರೇಗದೆ ಮಾತಾಡಬೇಕು, ಅವರದೇನೂ ತಪ್ಪಿಲ್ಲ. ಹಿರಿಯರಿದ್ದರೆ ಮಗುವಿನ ಕರೆ ತೆಗೆದುಕೊಂಡ ಹುಡುಗನ ಹೆಡ್‌ಸೆಟ್ ಕಳಚಿಸಿ, “ಐದು ನಿಮಿಷ ಹೊರಗೆ ಹೋಗಿ ಬಾ” ಎಂದು ಅವನ ಲೈನಿಗೆ ತಾವು ಕೂರುತ್ತಾರೆ. ಮಾರನೆಯ ದಿನ ಠಾಣೆಗೆ ಫೋನ್ ಮಾಡಿ ಮಗು ಏನಾಯಿತೆಂದು ವಿಚಾರಿಸಿ ಅವನಿಗೆ ಹೇಳುತ್ತಾರೆ, ಸುದ್ದಿ ಕೆಟ್ಟದಾಗಿದ್ದರೂ. ಹಿರಿಯರಿಲ್ಲದ ಪಾಳಿಯಲ್ಲಿ ಆ ಐದು ನಿಮಿಷವನ್ನು ಯಾರು ಮಂಜೂರು ಮಾಡಬೇಕು? ಏಪ್ರಿಲ್ ಎರಡನೇ ವಾರದಲ್ಲಿ ಕೆಲವು ದೇಶಗಳಲ್ಲಿ ನಮಗಾಗಿಯೇ ಒಂದು ಸಪ್ತಾಹ ಆಚರಿಸುತ್ತಾರೆ. 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು. ಆಚರಿಸಲಿ, ಬೇಡವೆನ್ನುವುದಿಲ್ಲ. ಸನ್ಮಾನದ ಫಲಕ ಬೇಕೋ ಪಾಳಿಗೆ ಇನ್ನೊಬ್ಬ ಮನುಷ್ಯ ಬೇಕೋ ಎಂದು ಕೇಳಿದರೆ ಮಾತ್ರ ನಮ್ಮ ಉತ್ತರ ತಮಗೆ ತಿಳಿದಿದೆ.

ಆದ್ದರಿಂದ ಆದೇಶ ಬರೆಯುವಾಗ ಹೀಗೆ ಬರೆಯಿಸಿ. ಹಿರಿಯ ಡಿಸ್ಪ್ಯಾಚರ್ ಇಲ್ಲದೆ ಯಾವ ಪಾಳಿಯೂ ಆರಂಭವಾಗಬಾರದು, ಹಿಂದಿನ ಪಾಳಿಯವರು ಅಲ್ಲಿಯವರೆಗೆ ಕುರ್ಚಿ ಬಿಡಬಾರದು, ಹಾಗೆ ಉಳಿದ ಹೊತ್ತಿಗೆ ಸಂಬಳ ಕೊಡಬೇಕು. ಆ ಕುರ್ಚಿಗೆ ಬರುವವರು ಫೋನಿನಲ್ಲೂ ವೈರ್‌ಲೆಸ್ಸಿನಲ್ಲೂ ವರ್ಷಗಟ್ಟಲೆ ಕೂತವರೇ ಆಗಿರಲಿ. ಶಿಕ್ಷೆಯ ವರ್ಗಾವಣೆಯಲ್ಲಿ ಬಂದವರಿಗೆ, ನಿವೃತ್ತಿಗೆ ಆರು ತಿಂಗಳು ಉಳಿದವರಿಗೆ ತಂಗುದಾಣ ಆಗದಿರಲಿ. ಕರೆಯ ಸರಾಸರಿ ಅವಧಿಯನ್ನು ನೌಕರರ ಮೌಲ್ಯಮಾಪನದಿಂದ ತೆಗೆದುಹಾಕಿ. ಅದರ ಬದಲು ತಿಂಗಳಿಗೆ ಕೆಲವು ಕರೆಗಳನ್ನು ಹಿರಿಯರೂ ತಮ್ಮ ಕಡೆಯ ಒಬ್ಬ ಅಧಿಕಾರಿಯೂ ಒಟ್ಟಿಗೆ ಕೂತು ಪೂರ್ತಿ ಕೇಳಲಿ, ಮುಗಿದದ್ದನ್ನೂ ಮುಗಿಸಬಾರದಿದ್ದದ್ದನ್ನೂ. ಘಟನೆಯ ಫಲಿತಾಂಶ ಠಾಣೆಯಿಂದ ಕಂಟ್ರೋಲ್ ರೂಮಿಗೆ ತಿರುಗಿ ಬರುವಂತೆ ಸಾಫ್ಟ್‌ವೇರಿನಲ್ಲಿ ಒಂದು ಕಾಲಂ ಸೇರಿಸಿ. ಇದಕ್ಕೆ ಹೊಸ ಟೆಂಡರ್ ಕರೆಯಬೇಕಾಗಿಲ್ಲ.

ಹಣ ಎಲ್ಲಿಂದ ಎಂದರೆ, ಮುಂದಿನ ದೊಡ್ಡ ಪರದೆಯನ್ನು ಒಂದು ವರ್ಷ ಮುಂದೂಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಿರಿಯ ಡಿಸ್ಪ್ಯಾಚರ್